12 ಜಿಬಿಯ ಹಳೆಯದೋ, 8 ಜಿಬಿಯ ಹೊಸದೋ?

ಓದುಗರ ಪ್ರಶ್ನೆಗಳಿಗೆ ಕಾರವಾರದ ರಿಪೇರಿ ಮೇಜಿನಿಂದ ಉತ್ತರ

ಪ್ರಶ್ನೆ: ಅಣ್ಣಾ, ನಾನು ಕುಮಟಾ ಹತ್ತಿರದವ. ಹದಿನಾಲ್ಕು ವರ್ಷದಿಂದ ಯಕ್ಷಗಾನದ ಆಟಗಳನ್ನು ವಿಡಿಯೊ ಮಾಡುತ್ತಾ ಬಂದಿದ್ದೇನೆ. ಮೊದಲು ಒಂದೇ ಕ್ಯಾಮೆರಾ ಇತ್ತು, ಈಗ ಮೂರು, ಮೂರೂ 4ಕೆ. ಎಡಿಟಿಂಗ್ ಡಾವಿಂಚಿ ರಿಸಾಲ್ವ್ ಸ್ಟುಡಿಯೊ ಎಂಬ ತಂತ್ರಾಂಶದಲ್ಲಿ. ಕಂಪ್ಯೂಟರ್ ಐ5-12400, 32 ಜಿಬಿ ರ್‍ಯಾಮ್, ಕರೆಂಟು ಕೊಡುವ ಡಬ್ಬಿ 550 ವಾಟಿನ ಎಸ್‌ಎಂಪಿಎಸ್. ಈಗಿರುವ 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡಿನಲ್ಲಿ ರಾತ್ರಿಯ ದೃಶ್ಯದಲ್ಲಿ ಕಾಣುವ ಕಾಳುಕಾಳು ಚುಕ್ಕೆ ತೆಗೆಯಲು ಹೋದರೆ 'ಜಿಪಿಯು ಮೆಮೊರಿ ತುಂಬಿದೆ' ಎಂದು ಬಂದು ನಿಂತುಬಿಡುತ್ತದೆ. ಹೊಸ ಕಾರ್ಡು ಕೇಳಿದ್ದಕ್ಕೆ ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು ಆರ್‌ಟಿಎಕ್ಸ್ 3060, 12 ಜಿಬಿ. ಇನ್ನೊಂದು ಆರ್‌ಟಿಎಕ್ಸ್ 4060, 8 ಜಿಬಿ. ಬೆಲೆ ಹೆಚ್ಚುಕಡಿಮೆ ಒಂದೇ. ಅಂಗಡಿಯವರು 4060 ಒಯ್ಯಿರಿ ಎನ್ನುತ್ತಾರೆ, ನನ್ನ ಭಾವ 3060 ಬಿಡಬೇಡ ಎನ್ನುತ್ತಾನೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಕುಮಟಾ ತಾಲೂಕು

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ. ಅಂಗಡಿಯವರು ವೇಗ ನೋಡಿ ಹೇಳಿದ್ದಾರೆ, ನಿಮ್ಮ ಭಾವ ಜಾಗ ನೋಡಿ ಹೇಳಿದ್ದಾರೆ. ನಿಮ್ಮ ಕೆಲಸಕ್ಕೆ ನಾನು ಭಾವನ ಪಕ್ಷ. ಕಾರಣವನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಇನ್ನೂ ಐದಾರು ಮಂದಿ ಕೇಳಿದ್ದಾರೆ.

ಮೊದಲು ವೇಗ. 3060 ಬಂದದ್ದು 2021ರ ಫೆಬ್ರವರಿಯಲ್ಲಿ, 4060 ಬಂದದ್ದು 2023ರ ಜೂನ್‌ನಲ್ಲಿ. ಡಬ್ಬಿಯ ಮೇಲಿನ ಲೆಕ್ಕ ನೋಡಿದರೆ ತಲೆ ಕೆಡುತ್ತದೆ. ಹಳೆಯದರಲ್ಲಿ ಲೆಕ್ಕ ಮಾಡುವ ಕೂಡಾ (CUDA) ಕೋರ್ 3584, ಹೊಸದರಲ್ಲಿ 3072 ಮಾತ್ರ. ಹಾಗಿದ್ದೂ ಹೊಸದೇ ಚುರುಕು. ಹಳೆಯದು 1.78 ಗಿಗಾಹರ್ಟ್ಸ್‌ವರೆಗೆ ಹೋದರೆ ಹೊಸದು 2.46ರವರೆಗೆ ಹೋಗುತ್ತದೆ. ಆಳು ಕಡಿಮೆ, ಕೈ ಬಿರುಸು. 1080ಪಿ ಆಟಗಳಲ್ಲಿ, ಆಟ ಎಂದರೆ ಇಲ್ಲಿ ಗೇಮ್, 4060 ಸಾಮಾನ್ಯವಾಗಿ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಮುಂದಿರುತ್ತದೆ. ಗೇಮಿನಲ್ಲಿ ನಡುನಡುವೆ ಹೊಸ ಫ್ರೇಮ್ ಹುಟ್ಟಿಸುವ ಡಿಎಲ್‌ಎಸ್‌ಎಸ್ 3ರ ಫ್ರೇಮ್ ಜನರೇಷನ್ ಬೇಕಾದರೆ ಅದೂ 4060ರಲ್ಲಿ ಇದೆ, 3060ರಲ್ಲಿ ಇಲ್ಲ. ಅಂಗಡಿಗೆ ಬರುವ ಹುಡುಗರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಗೇಮ್ ಆಡುವವರು, ಅವರಿಗೆ ಹೇಳುವ ಉತ್ತರವನ್ನೇ ಅಂಗಡಿಯವರು ನಿಮಗೂ ಹೇಳಿದ್ದಾರೆ.

ಇನ್ನು ಮೆಮೊರಿ ಮತ್ತು ಕೋರ್‌ಗಳ ನಡುವಿನ ದಾರಿ. 3060ರ ದಾರಿಯ ಅಗಲ 192 ಬಿಟ್, ಸೆಕೆಂಡಿಗೆ 360 ಜಿಬಿ ಸಾಗುತ್ತದೆ. 4060ರದ್ದು 128 ಬಿಟ್, ಸೆಕೆಂಡಿಗೆ 272 ಜಿಬಿ. ಅಗಲ ಕಡಿಮೆ ಮಾಡಿದ್ದಕ್ಕೆ ಪ್ರತಿಯಾಗಿ ಚಿಪ್ಪಿನ ಒಳಗೇ ಕ್ಯಾಶ್ ಎಂಬ ಚಿಕ್ಕ ಮೆಮೊರಿಯನ್ನು 24 ಎಂಬಿಯಷ್ಟು ಇಟ್ಟಿದ್ದಾರೆ, 3060ರಲ್ಲಿ ಅದು 3 ಎಂಬಿ. ಪದೇಪದೇ ಬೇಕಾಗುವ ಡಬ್ಬಿಗಳನ್ನು ಅಟ್ಟದ ಮೇಲೆ ಇಡದೆ ಒಲೆಯ ಪಕ್ಕದ ನಾಗಂದಿಗೆಯ ಮೇಲೆ ಇಟ್ಟುಕೊಂಡ ಹಾಗೆ. ಗೇಮಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ದೊಡ್ಡ ವಿಡಿಯೊ ಫ್ರೇಮುಗಳು ಒಂದರ ಹಿಂದೆ ಒಂದು ಬರುವ ಕೆಲಸದಲ್ಲಿ ಅಷ್ಟು ನಡೆಯುವುದಿಲ್ಲ. ನಾಗಂದಿಗೆಯ ಮೇಲೆ ಹಂಡೆ ಕೂರುವುದಿಲ್ಲವಲ್ಲ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಬಯಲಾಟದ ರಂಗಸ್ಥಳದಲ್ಲಿ ಬೆಳಕು ಇರುವುದು ನಡುವೆ. ವೇಷದ ಹಿಂದೆ ಕಪ್ಪು, ಅದರ ಹಿಂದೆ ಇನ್ನೂ ಕಪ್ಪು. ಕ್ಯಾಮೆರಾ ಆ ಕಪ್ಪಿನಲ್ಲಿ ಕಾಳುಕಾಳು ಎಬ್ಬಿಸುತ್ತದೆ. ಅದನ್ನು ತೆಗೆಯುವ ಟೆಂಪೊರಲ್ ನಾಯ್ಸ್ ರಿಡಕ್ಷನ್ ಒಂದು ಫ್ರೇಮನ್ನು ಹಿಂದಿನ ಮುಂದಿನ ಫ್ರೇಮುಗಳ ಜೊತೆ ಹೋಲಿಸಿ, ನಿಜವಾಗಿ ಇರುವುದು ಯಾವುದು, ಕ್ಯಾಮೆರಾ ಹುಟ್ಟಿಸಿದ್ದು ಯಾವುದು ಎಂದು ಬೇರೆ ಮಾಡುತ್ತದೆ. ಅಷ್ಟೂ ಫ್ರೇಮುಗಳು ಒಟ್ಟಿಗೆ ಕಾರ್ಡಿನ ಮೆಮೊರಿಯಲ್ಲಿ ಇರಬೇಕು.

ಒಂದು ಫ್ರೇಮ್ ಎಷ್ಟು ಜಾಗ ತಿನ್ನುತ್ತದೆ, ಕಾಗದದ ಮೇಲೆ ಬರೆದು ನೋಡಿ. 4ಕೆ ಎಂದರೆ 3840 ಅಡ್ಡ, 2160 ಉದ್ದ, ಸುಮಾರು 83 ಲಕ್ಷ ಚುಕ್ಕೆ. ರಿಸಾಲ್ವ್ ಒಳಗೆ ಲೆಕ್ಕ ನಡೆಯುವುದು 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಒಂದು ಬಣ್ಣಕ್ಕೆ 4 ಬೈಟ್. ಕೆಂಪು, ಹಸಿರು, ನೀಲಿ, ಜೊತೆಗೆ ಆಲ್ಫಾ ಸೇರಿ ಒಂದು ಚುಕ್ಕೆಗೆ 16 ಬೈಟ್. ಗುಣಿಸಿದರೆ ಒಂದೇ ಫ್ರೇಮಿಗೆ ಸುಮಾರು 133 ಎಂಬಿ. ಹಿಂದೆ ಎರಡು, ಮುಂದೆ ಎರಡು, ನಡುವಿನದು ಒಂದು ಎಂದು ಐದು ಫ್ರೇಮ್ ಹಿಡಿದರೆ 665 ಎಂಬಿ. ಇದು ಒಂದು ನೋಡ್‌ಗೆ, ಅಂದರೆ ರಿಸಾಲ್ವ್‌ನಲ್ಲಿ ಚಿತ್ರ ತಿದ್ದುವ ಒಂದು ಹಂತಕ್ಕೆ, ಒಳಹೋಗುವ ಸಾಮಗ್ರಿ ಮಾತ್ರ. ಅದರ ಮೇಲೆ ಬಣ್ಣ ತಿದ್ದುವ ನೋಡ್‌ಗಳು, ಮಲ್ಟಿಕ್ಯಾಮ್‌ನಲ್ಲಿ ಒಟ್ಟಿಗೆ ತೆರೆದ ಮೂರು ಕ್ಯಾಮೆರಾ, ವಿಂಡೋಸ್ ತನಗೆ ಇಟ್ಟುಕೊಳ್ಳುವ ಪಾಲು. ನಿಮ್ಮ 4 ಜಿಬಿ ಯಾಕೆ ಸಾಲಲಿಲ್ಲ ಎಂದು ಈಗ ಕಾಣುತ್ತದೆ. 8 ಜಿಬಿಯಲ್ಲಿ ಇದು ಹಿಡಿಸಬಹುದು, ಆದರೆ ಅಂಚಿಗೆ ಬಂದು ನಿಂತಿರುತ್ತದೆ.

ಅಡಿಕೆ ಬೇಯಿಸಿದವರಿಗೆ ಈ ಅಂಚು ಗೊತ್ತು. ಸುಲಿಯುವ ಆಳು ಎಷ್ಟೇ ಚುರುಕಾಗಿರಲಿ, ಬೇಯಿಸಿದ್ದನ್ನು ಹರಡಲು ಅಂಗಳ ಸಾಲದಿದ್ದರೆ ಕೆಲಸ ನಿಂತಂತೆಯೇ. ಪಕ್ಕದ ಮನೆಯ ಅಂಗಳಕ್ಕೆ ಹೊತ್ತು, ಸಂಜೆ ಮತ್ತೆ ಹೊತ್ತು ತರಬೇಕು. ಕಾರ್ಡಿಗೆ ಪಕ್ಕದ ಮನೆಯ ಅಂಗಳ ಎಂದರೆ ಕಂಪ್ಯೂಟರಿನ ರ್‍ಯಾಮ್. ಅಲ್ಲಿಗೆ ಹೋಗುವ ದಾರಿ ಮದರ್‌ಬೋರ್ಡಿನಲ್ಲಿ ಕಾರ್ಡು ಕೂರುವ ಪಿಸಿಐಇ ಸ್ಲಾಟ್. 4060ಕ್ಕೆ ಆ ಸ್ಲಾಟಿನಲ್ಲಿ ಎಂಟೇ ಲೇನ್ ಇವೆ, ಪಿಸಿಐಇ 4.0ರಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ. ಕಾರ್ಡಿನ ಒಳಗಿನ 272 ಎಲ್ಲಿ, ಈ 16 ಎಲ್ಲಿ? ಹದಿನೇಳು ಪಟ್ಟು ನಿಧಾನ. ನೂರಕ್ಕೆ ಇಪ್ಪತ್ತು ಮುಂದಿದ್ದ ಕಾರ್ಡು ಆ ಗಳಿಗೆಯಲ್ಲಿ ತೆವಳುತ್ತದೆ, ಇಲ್ಲವೇ ರಿಸಾಲ್ವ್ ಕೈಚೆಲ್ಲುತ್ತದೆ.

ಹೋದ ಮಳೆಗಾಲ ಈ ಎರಡೂ ಕಾರ್ಡುಗಳು ಬೇರೆ ಬೇರೆ ಗಿರಾಕಿಗಳ ಕಂಪ್ಯೂಟರಿನಲ್ಲಿ ಒಂದೇ ವಾರ ನನ್ನ ಮೇಜಿಗೆ ಬಂದಿದ್ದವು. ಇಬ್ಬರ ಒಪ್ಪಿಗೆ ಕೇಳಿ, ಎರಡನ್ನೂ ಬಿಚ್ಚಿ, ನನ್ನ ಯಂತ್ರಕ್ಕೇ ಒಂದಾದ ಮೇಲೆ ಒಂದನ್ನು ಹಾಕಿ ಒಂದೇ ಟೈಮ್‌ಲೈನ್, ಅಂದರೆ ರಿಸಾಲ್ವ್‌ನಲ್ಲಿ ಜೋಡಿಸಿಟ್ಟ ಒಂದೇ ವಿಡಿಯೊ, ಓಡಿಸಿದೆ. ನಾಯ್ಸ್ ರಿಡಕ್ಷನ್ ಇಲ್ಲದ ರೆಂಡರ್‌ನಲ್ಲಿ, ಅಂದರೆ ಕೊನೆಯ ಫೈಲ್ ತಯಾರಿಸುವಾಗ, 4060 ಸ್ಪಷ್ಟವಾಗಿ ಮುಂದೆ. ಒಂದು ನೋಡ್ ನಾಯ್ಸ್ ರಿಡಕ್ಷನ್ ಹಾಕಿದಾಗಲೂ ಮುಂದೆ. ಎರಡನೆಯ ನೋಡ್ ಹಾಕಿ ಮಲ್ಟಿಕ್ಯಾಮ್ ತೆರೆದೆ. 3060 ನಿಧಾನವಾಗಿ, ನಿಲ್ಲದೆ ಮುಗಿಸಿತು. 4060 ನಡುವೆ ನಿಂತು ಅದೇ ಸಂದೇಶ ತೋರಿಸಿತು. ರಾತ್ರಿ ರೆಂಡರ್‌ಗೆ ಹಾಕಿ ಮಲಗುವವನಿಗೆ ಬೆಳಗ್ಗೆ ಫೈಲ್ ಸಿದ್ಧ ಇರಬೇಕು. ಮೇಳದವರಿಗೆ ಮಾತು ಕೊಟ್ಟ ದಿನ ತಪ್ಪಿದರೆ ಹದಿನೈದು ನಿಮಿಷ ಬೇಗ ಮುಗಿಯುವ ಕಾರ್ಡು ಯಾವ ಉಪಕಾರಕ್ಕೂ ಬರುವುದಿಲ್ಲ.

4060ರ ಪರವಾಗಿ ಒಂದು ಗಟ್ಟಿ ಮಾತು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅದು ಎವಿ1 ಎನ್‌ಕೋಡ್ ಮಾಡುತ್ತದೆ, ಅಂದರೆ ವಿಡಿಯೊವನ್ನು ಎವಿ1 ಎಂಬ ಹೊಸ ಬಗೆಯಲ್ಲಿ ಕುಗ್ಗಿಸಿ ಬರೆಯುತ್ತದೆ. 3060 ಎವಿ1 ವಿಡಿಯೊ ತೋರಿಸಬಲ್ಲದು, ತಯಾರಿಸಲಾರದು. ಅಷ್ಟೇ ಗುಣಮಟ್ಟಕ್ಕೆ ಎವಿ1 ಫೈಲ್ ಹಳೆಯ ಬಗೆಯಾದ ಎಚ್.264ಗಿಂತ ಸಣ್ಣದಾಗುತ್ತದೆ. ಊರಿನ ಇಂಟರ್ನೆಟ್‌ನಲ್ಲಿ ನಾಲ್ಕು ಗಂಟೆಯ ಕಾಲಮಿತಿ ಆಟವನ್ನು ಯೂಟ್ಯೂಬಿಗೆ ಹಾಕುವವರಿಗೆ ಇದು ಸಣ್ಣ ವಿಷಯವಲ್ಲ. ನೇರಪ್ರಸಾರವೇ ನಿಮ್ಮ ಮುಖ್ಯ ಕೆಲಸವಾಗಿದ್ದರೆ ನನ್ನ ಉತ್ತರ ತಿರುಗುತ್ತಿತ್ತು. ನೀವು ಎಡಿಟ್ ಮಾಡುವವರು, ಹಾಗಾಗಿ ತಿರುಗಲಿಲ್ಲ.

ಹಣ ಕೊಡುವ ಮೊದಲು ನಿಮ್ಮ ಕ್ಯಾಮೆರಾದ ಸೆಟ್ಟಿಂಗ್ ಒಮ್ಮೆ ನೋಡಿ. ಬಣ್ಣದ ವಿವರ ಹೆಚ್ಚು ಹಿಡಿಯುವ 4:2:2 10 ಬಿಟ್‌ನಲ್ಲಿ ತೆಗೆಯುತ್ತೀರಾದರೆ ಅದನ್ನು ಬಿಚ್ಚಿ ಓದುವ ಯಂತ್ರಾಂಶ ಈ ಎರಡೂ ಕಾರ್ಡುಗಳಲ್ಲಿ ಇಲ್ಲ. ಈ ಕಾರ್ಡುಗಳ ಚಿಪ್ ತಯಾರಿಸುವ ಎನ್‌ವಿಡಿಯಾ ಅದನ್ನು ಕೊಟ್ಟದ್ದು 50ರ ಸರಣಿಯಲ್ಲಿ. ಆದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಐ5-12400ರ ಒಳಗಿರುವ ಇಂಟೆಲ್ ಗ್ರಾಫಿಕ್ಸ್ ಎಚ್.265ರ 4:2:2 10 ಬಿಟ್ ಅನ್ನು ಓದುತ್ತದೆ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಅದನ್ನು ಆನ್ ಮಾಡಿ, ಕ್ಯಾಮೆರಾದಲ್ಲಿ ಎಚ್.264 ಬದಲು ಎಚ್.265 ಆರಿಸಿ. ಟೈಮ್‌ಲೈನ್ ತಡೆತಡೆದು ಓಡುವುದಕ್ಕೆ ಅರ್ಧ ಮದ್ದು ಇದೇ ಆಗಬಹುದು, ಅದೂ ಪೈಸೆ ಖರ್ಚಿಲ್ಲದೆ. ಪ್ರೊಸೆಸರ್ ಹೆಸರಿನ ಕೊನೆಗೆ 'ಎಫ್' ಅಕ್ಷರ ಇದ್ದರೆ ಮಾತ್ರ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಬಿಲ್ ತೆಗೆದು ನೋಡಿಕೊಳ್ಳಿ.

ಕರೆಂಟಿನ ಮಾತು. ಪೂರ್ತಿ ದುಡಿಯುವಾಗ 3060 ಎಳೆಯುವುದು 170 ವಾಟ್, 4060 ಎಳೆಯುವುದು 115. ವ್ಯತ್ಯಾಸ 55 ವಾಟ್, ಆರು ಗಂಟೆ ರೆಂಡರ್ ಮಾಡಿದರೆ ಯೂನಿಟ್ಟಿನ ಮೂರನೇ ಒಂದು ಪಾಲು. ಬಿಲ್ಲಿಗೆ ಹೆದರಬೇಕಾಗಿಲ್ಲ, ಯುಪಿಎಸ್‌ಗೆ ಹೆದರಬೇಕು. ಇಲ್ಲಿ ಬಹಳ ಮನೆಗಳಲ್ಲಿ ಇರುವುದು 600 ವಿಎ ಯುಪಿಎಸ್. ಅದು ಹೊರುವುದು ಸಾಮಾನ್ಯವಾಗಿ 360 ವಾಟ್. 3060, ಪ್ರೊಸೆಸರ್, ಡಿಸ್ಕು, ಮಾನಿಟರ್ ಎಲ್ಲ ಸೇರಿ ರೆಂಡರ್ ಹೊತ್ತಿನಲ್ಲಿ ಆ ಅಂಚಿಗೆ ತಾಗುತ್ತದೆ. ಆಷಾಢದಲ್ಲಿ ತಂತಿಯ ಮೇಲೆ ಟೊಂಗೆ ಬಿದ್ದು ಕರೆಂಟು ಹೋದ ಗಳಿಗೆ ಯುಪಿಎಸ್ ಕೂಗಿ ಆರಿತೋ, ಐದು ಗಂಟೆಯ ರೆಂಡರ್ ನೀರುಪಾಲು. 3060 ತಂದರೆ ಕಾರ್ಡಿನ ಜೊತೆಗೇ 1000 ವಿಎ ಯುಪಿಎಸ್‌ಗೂ ಹಣ ತೆಗೆದಿಡಿ. ನಿಮ್ಮ 550 ವಾಟಿನ ಎಸ್‌ಎಂಪಿಎಸ್ ಸಾಕು, ಎನ್‌ವಿಡಿಯಾ ಎರಡೂ ಕಾರ್ಡುಗಳಿಗೆ ಹೇಳಿರುವುದು ಅಷ್ಟನ್ನೇ.

ಆದರೂ ನನ್ನ ಮಾತಿನ ಮೇಲೆ ಮಾತ್ರ ಕೊಳ್ಳಬೇಡಿ. ನಿಮ್ಮ ಅತಿ ಕಷ್ಟದ ಎರಡು ನಿಮಿಷದ ತುಣುಕು, ದೀಪ ಮಂದವಾದಾಗ ಬಣ್ಣದ ವೇಷ ಒಡ್ಡೋಲಗಕ್ಕೆ ಬರುವಂಥದ್ದು, ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಒಂದೇ ಕಂಪ್ಯೂಟರಿನಲ್ಲಿ ಎರಡೂ ಕಾರ್ಡು ಹಾಕಿ ತೋರಿಸಲು ಕೇಳಿ. ಸೆಟ್ಟಿಂಗ್ ಒಂದೇ ಇರಲಿ, ಪ್ರತಿ ಸಲ ರಿಸಾಲ್ವ್ ಉಳಿಸಿಟ್ಟ ರೆಂಡರ್ ಕ್ಯಾಶ್ ಅಳಿಸಿ, ಮೂರು ಸಲ ಓಡಿಸಿ, ಮೊದಲನೆಯದನ್ನು ಬಿಟ್ಟು ಉಳಿದೆರಡನ್ನು ಲೆಕ್ಕಕ್ಕೆ ಹಿಡಿಯಿರಿ. ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ 'ಡೆಡಿಕೇಟೆಡ್ ಜಿಪಿಯು ಮೆಮೊರಿ' ಸಾಲಿನ ಮೇಲೆ ಕಣ್ಣಿಡಿ. ಅದು 8ರ ಹತ್ತಿರ ಹೋಗಿ, ಕೆಳಗಿನ 'ಶೇರ್ಡ್' ಸಾಲು ಏರಲು ಶುರುವಾದರೆ ಅಂಗಳ ತುಂಬಿತು ಎಂದು ಅರ್ಥ. 5 ಅಥವಾ 6ರಲ್ಲೇ ನಿಂತಿದ್ದರೆ ನಿಮ್ಮ ಭಾವನಿಗೆ ನಾನೇ ಹೇಳುತ್ತೇನೆ, 4060 ಒಯ್ಯಿರಿ.

ಪ್ರಶ್ನೆ: ಸರ್, ನಮ್ಮದು ಅಡಿಕೆ ತೋಟ. ಮಗ ಡಿಪ್ಲೊಮಾ ಓದುತ್ತಾನೆ. ಹಳೆಯ ಕಂಪ್ಯೂಟರಿಗೆ ಜಿಟಿ 1030 ಕಾರ್ಡು ತರಿಸಿದೆವು. ಅವನ ಸ್ನೇಹಿತನ ಹತ್ತಿರವೂ ಜಿಟಿ 1030, 2 ಜಿಬಿ. ಅವನದು ಚೆನ್ನಾಗಿ ಓಡುತ್ತದೆ, ನಮ್ಮದು ಎಳೆಯುತ್ತದೆ. ಮಾರಿದವರನ್ನು ಕೇಳಿದರೆ ಎರಡೂ ಒಂದೇ ಎನ್ನುತ್ತಾರೆ. ಮಗ ಬೇಜಾರು ಮಾಡಿಕೊಂಡು ಕೂತಿದ್ದಾನೆ.
— ಕೃಷಿಕರು, ಶಿರಸಿ

ಉತ್ತರ: ಮಗನಿಗೆ ಹೇಳಿ, ಅವನ ಅನುಮಾನ ಸರಿಯಾಗಿಯೇ ಇದೆ. ಹೆಸರು ಒಂದೇ, ಕಾರ್ಡು ಎರಡು ಬಗೆ. 2017ರಲ್ಲಿ ಬಂದ ಜಿಟಿ 1030ರಲ್ಲಿ ಜಿಡಿಡಿಆರ್5 ಮೆಮೊರಿ ಇತ್ತು, ಸೆಕೆಂಡಿಗೆ 48 ಜಿಬಿ ಸಾಗುತ್ತಿತ್ತು. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿದ ಇನ್ನೊಂದು ಬಂತು, ಅದರಲ್ಲಿ ಸಾಗುವುದು 16.8 ಜಿಬಿ. ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡೂ 2 ಜಿಬಿ ಆದ್ದರಿಂದ ಡಬ್ಬಿಯ ದೊಡ್ಡ ಅಕ್ಷರ ನೋಡಿ ಕೊಳ್ಳುವವನಿಗೆ ಗೊತ್ತಾಗುವುದೇ ಇಲ್ಲ.

ಜಿಪಿಯು-ಝಡ್ ಎಂಬ ಚಿಕ್ಕ ಉಚಿತ ತಂತ್ರಾಂಶ ಇದೆ. ಹಾಕಿಕೊಂಡು ಮೂರು ಸಾಲು ಓದಿ: ಮೆಮೊರಿ ಟೈಪ್, ಬಸ್ ವಿಡ್ತ್, ಬ್ಯಾಂಡ್‌ವಿಡ್ತ್. ಟೈಪ್ ಮುಂದೆ ಡಿಡಿಆರ್4 ಎಂದಿದ್ದರೆ ಆ ಪರದೆಯ ಫೋಟೊ ತೆಗೆದು ಬಿಲ್ಲಿನ ಜೊತೆ ಮಾರಿದವರ ಹತ್ತಿರ ಒಯ್ಯಿರಿ. ಬಿಲ್ಲಿನಲ್ಲಿ ಜಿಡಿಡಿಆರ್5 ಎಂದು ಬರೆದಿದ್ದರೆ ಬದಲಿಸಿಕೊಡಲೇಬೇಕು. ಬರೀ 'ಜಿಟಿ 1030' ಎಂದಿದ್ದರೆ ವಾದ ಕಷ್ಟ. ರೈತರು ದುಡಿದು ಮಗನ ಓದಿಗೆ ಕೊಡುವ ಹಣವನ್ನು ಹೀಗೆ ಒಂದೇ ಹೆಸರಿನ ಮರೆಯಲ್ಲಿ ಕಿತ್ತುಕೊಳ್ಳುವುದು ಅನ್ಯಾಯ ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಕುಮಟಾದವರೂ ಇದನ್ನು ಓದಿಕೊಳ್ಳಿ. ಆರ್‌ಟಿಎಕ್ಸ್ 3060ರಲ್ಲಿಯೂ 2022ರ ಕೊನೆಗೆ 8 ಜಿಬಿಯ ತಮ್ಮನೊಬ್ಬ ಬಂದ. ಬಸ್, ಅಂದರೆ ಮೆಮೊರಿಯ ದಾರಿಯ ಅಗಲ, 192ರಿಂದ 128 ಬಿಟ್‌ಗೆ, ಸಾಗಾಟ 360ರಿಂದ 240 ಜಿಬಿಗೆ ಇಳಿದಿದೆ. ಅದು ಜಾಗದಲ್ಲಿಯೂ ಸೋತು ವೇಗದಲ್ಲಿಯೂ ಸೋತ ಕಾರ್ಡು. ಅಂಥದ್ದು ಕೈಗೆ ಬಂದರೆ ಮೇಲೆ ನಾನು ಬರೆದದ್ದೆಲ್ಲ ವ್ಯರ್ಥ. ಬಿಲ್ಲಿನಲ್ಲಿ 12 ಜಿಬಿ ಎಂದು ಬರೆಸಿಯೇ ಹಣ ಕೊಡಿ.

ಮತ್ತೆ ಶಿರಸಿಯವರಿಗೆ: ನಿಮ್ಮ ಮಗ ಮುಂದೆ ದೊಡ್ಡ ಕಾರ್ಡು ಬೇಕೆಂದರೆ ಕಂಪ್ಯೂಟರ್ ಎಷ್ಟು ಹಳೆಯದು ಎಂದು ಮೊದಲು ನೋಡಬೇಕು. ಪಿಸಿಐಇ 3.0 ಇರುವ ಮದರ್‌ಬೋರ್ಡಿನಲ್ಲಿ ಸ್ಲಾಟಿನ ಸಾಗಾಟ 4.0ರ ಅರ್ಧ. ಎಎಮ್‌ಡಿ ಕಂಪನಿಯ ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 4060ಕ್ಕೆ ಎಂಟು ಲೇನ್ ಇರುವುದರಿಂದ ಮೆಮೊರಿ ತುಂಬದ ತನಕ ನಷ್ಟ ಅಲ್ಪ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇರುವುದು ನಾಲ್ಕೇ ಲೇನ್, 4 ಜಿಬಿ ಮೆಮೊರಿ. ಅದನ್ನು ಹಳೆಯ ಬೋರ್ಡಿಗೆ ಹಾಕಿದರೆ ಒಳ್ಳೆಯ ಪೆಟ್ಟು ಬೀಳುತ್ತದೆ. ವಿಡಿಯೊ ಎನ್‌ಕೋಡ್ ಮಾಡುವ ಯಂತ್ರಾಂಶವೂ ಅದರಲ್ಲಿ ಇಲ್ಲ. ಅಗ್ಗಕ್ಕೆ ಸಿಕ್ಕಿದರೂ ಬೇಡ.

ಪ್ರಶ್ನೆ: ಲ್ಯಾಪ್‌ಟಾಪಿನ 4060ಕ್ಕೂ ಡೆಸ್ಕ್‌ಟಾಪಿನ 4060ಕ್ಕೂ ವ್ಯತ್ಯಾಸ ಇದೆಯೇ?
— ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಇದೆ. ಕೋರ್ ಎರಡರಲ್ಲೂ 3072, ಮೆಮೊರಿ ಎರಡರಲ್ಲೂ 8 ಜಿಬಿ. ಆದರೆ ಲ್ಯಾಪ್‌ಟಾಪ್ ತಯಾರಿಸುವವರು ಕಾರ್ಡಿಗೆ 35ರಿಂದ 115 ವಾಟ್‌ವರೆಗೆ ಎಷ್ಟು ಬೇಕಾದರೂ ಕೊಡಬಹುದು. ತೆಳ್ಳಗಿನ ಲ್ಯಾಪ್‌ಟಾಪಿನ 4060, ದಪ್ಪ ಲ್ಯಾಪ್‌ಟಾಪಿನ 4060ಕ್ಕಿಂತ ಬಹಳ ಹಿಂದೆ ಬೀಳುವುದು ಇದೇ ಕಾರಣಕ್ಕೆ. ಕೊಳ್ಳುವ ಮೊದಲು ಆ ಮಾದರಿಯ ಗ್ರಾಫಿಕ್ಸ್ ವಾಟ್ ಎಷ್ಟು ಎಂದು ಕೇಳಮ್ಮಾ. ಉತ್ತರ ಕೊಡದಿದ್ದರೆ ಬೇರೆ ಅಂಗಡಿ ನೋಡು.

ಪ್ರಶ್ನೆ: ನಮ್ಮ ಮನೆ ಬೈತಖೋಲ್ ಬಂದರಿನ ಹತ್ತಿರ. ಮೂರು ವರ್ಷ ಹಳೆಯ 3060 ಕಾರ್ಡೊಂದು ಬೆಂಗಳೂರಿನಿಂದ ಅಗ್ಗಕ್ಕೆ ಸಿಗುತ್ತಿದೆ. ಉಪ್ಪುಗಾಳಿಗೆ ಬಾಳುತ್ತದೆಯೇ?
— ಓದುಗರು, ಕಾರವಾರ

ಉತ್ತರ: ಬಾಳುತ್ತದೆ, ಜೋಪಾನ ಮಾಡಬೇಕು. ಕಾರ್ಡಿನ ಸ್ಲಾಟಿಗೆ ಹೋಗುವ ಅಂಚಿಗೆ ಚಿನ್ನದ ಲೇಪ ಇರುವುದರಿಂದ ಅದು ಬೇಗ ಕೆಡುವುದಿಲ್ಲ. ಕೆಡುವುದು ಹಿಂದಿನ ತಗಡು, ಎಚ್‌ಡಿಎಂಐ ಬಾಯಿಯ ಸುತ್ತ, ಸ್ಕ್ರೂ, ಫ್ಯಾನಿನ ಬೇರಿಂಗ್. ಸಮುದ್ರದ ಕಡೆಯ ಮನೆಗಳಿಂದ ಬಂದ ಕ್ಯಾಬಿನೆಟ್ ಬಿಚ್ಚಿದಾಗ ಮೊದಲು ನಾನು ಬೆರಳಾಡಿಸಿ ನೋಡುವುದು ಈ ನಾಲ್ಕನ್ನೇ.

ಹಳೆಯ ಕಾರ್ಡು ಕೊಳ್ಳುವಾಗ ಮಾರುವವರಿಗೆ ಅರ್ಧ ಗಂಟೆ ಭಾರ ಹಾಕಿ ಓಡಿಸಿ ವಿಡಿಯೊ ಕಳಿಸಲು ಹೇಳಿ, ಉಷ್ಣತೆ ಮತ್ತು ಫ್ಯಾನಿನ ಸದ್ದು ಎರಡೂ ಇರುವಂತೆ. ಒಮ್ಮೆ ಬಿಸಿಯಾಗಿ ಸ್ಥಿರವಾದ ಮೇಲೆ ಗಡಿಯಾರದ ವೇಗ, ಜಿಪಿಯು-ಝಡ್‌ನ ಕ್ಲಾಕ್ ಸಾಲು, ಮೇಲೆ ಕೆಳಗೆ ಜಿಗಿಯುತ್ತಿದ್ದರೆ ಚಿಪ್ಪಿನ ಬಿಸಿ ದಾಟಿಸುವ ಒಳಗಿನ ಥರ್ಮಲ್ ಪೇಸ್ಟ್ ಒಣಗಿದೆ ಎಂದು ಅನುಮಾನಿಸಿ. ಪೇಸ್ಟ್ ಬದಲಿಸಬಹುದು, ಅದಕ್ಕಾಗಿ ಕಾರ್ಡು ಬಿಡಬೇಕಾಗಿಲ್ಲ. ಫ್ಯಾನ್ ಗೊರಗೊರ ಎನ್ನುತ್ತಿದ್ದರೆ ಆ ಖರ್ಚನ್ನೂ ಬೆಲೆಯಲ್ಲಿ ಮುರಿದುಕೊಳ್ಳಿ.

ಮನೆಗೆ ತಂದ ಮೇಲೆ ಕ್ಯಾಬಿನೆಟ್ಟನ್ನು ಸಮುದ್ರದ ಕಡೆಯ ಕಿಟಕಿಯ ಕೆಳಗೆ ಇಡಬೇಡಿ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಕೂರುವುದಿಲ್ಲ. ಚೌತಿ ಮುಗಿದು ಮಳೆ ಇಳಿದ ಮೇಲೆ ಒಮ್ಮೆ ಬಿಚ್ಚಿ, ಮೆತ್ತಗಿನ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ತಗಡು, ಬಾಯಿ, ಅಂಚು ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಕೈಯಲ್ಲಿ ಧೈರ್ಯ ಇಲ್ಲವಾದರೆ ನನ್ನ ಹತ್ತಿರ ತನ್ನಿ, ಸೋಮವಾರ ಬೇಡ, ಆ ದಿನ ಮೇಜು ತುಂಬಿರುತ್ತದೆ.